ಮ್ಯಾನೇಜರಾಗದ ಅಣ್ಣ

ರಾಮನಗರದ ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಹೊಸ ಮ್ಯಾನೇಜರ್ ಯಾರಾಗಬೇಕೆಂದು ಅಭಿಮಾನಿಗಳೆಲ್ಲ ಟೀ ಅಂಗಡಿಯ ಮುಂದೆ ವಾದಿಸುತ್ತಿದ್ದೆವು. ರೇಷ್ಮೆ ನೂಲು ತೆಗೆಯುವ ನನ್ನಣ್ಣನೇ ಹುಡುಗರಿಗೆ ಆಟ ಕಲಿಸಿದವನು. ಮ್ಯಾನೇಜರಾಗುವ ಆಸೆ ಅವನಿಗೆ ಬಹಳವಿತ್ತು.

"ಅವ್ನು ಬ್ಯಾಡ ಕಣ್ಲಾ, ಮೈಯೆಲ್ಲ ಹುಳದ ವಾಸ್ನೆ. ಜರ್ಸಿ ಕೊಡ್ಸೋ ಕಂಪ್ನಿ ಸಾಹೇಬ್ರು ಪಕ್ಕ ಕೂರುಸ್ಕೊಂಡಾರಾ?" ಎಂದನೊಬ್ಬ. ಎಲ್ಲರೂ ನನ್ನ ಮುಖ ನೋಡಿದರು. ನಾನಾಗ ಬಿಡದಿಯ ಕಾರ್ಖಾನೆಗೆ ಹೊಸದಾಗಿ ಸೇರಿ, ರಜೆಯ ದಿನವೂ ಯೂನಿಫಾರಂ ತೊಟ್ಟು ತಿರುಗುತ್ತಿದ್ದೆ.

"ನಮ್ಮನೇಲೂ ಅಣ್ಣನ್ ತಟ್ಟೆ ದೂರಾನೇ ಇಡೋದು ಕಣ್ರಲಾ," ಎಂದು ನಗಿಸಿದೆ. ಅದು ಹಸಿ ಸುಳ್ಳು. ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು.

ಬೇರೆಯವನು ಮ್ಯಾನೇಜರಾದ. "ನೀನೊಬ್ನಾದ್ರೂ ನನ್ ಪರ ಮಾತಾಡಿದ್ಯೇನ್ಲಾ?" ಎಂದು ಅಣ್ಣ ಕೇಳಿದ. ಹೂಂ ಎಂದೆ. "ಅಷ್ಟ್ ಸಾಕ್ ಬುಡು," ಎಂದು ಬೆನ್ನು ತಟ್ಟಿದ. ನಿಜವನ್ನು ಇಂದಿಗೂ ಅವನಿಗೆ ಹೇಳಿಲ್ಲ.