ದಡಿ ಇಲ್ಲದ ಗಾಜು

ಜ್ವರ ಬರುವ ಹಿಂದಿನ ದಿನ ನನ್ನ ಹೆಂಡತಿ ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದಳು. ನಾನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದೆ. ಎಳೆ ಹರಿದಾಗಲೆಲ್ಲ ಗೊಣಗುವುದು ನನ್ನ ಚಾಳಿ.

“ಸಿಟ್ಟು ನೂಲಿನ ಮ್ಯಾಲ ಐತೋ, ನನ್ನ ಮ್ಯಾಲೋ? ನೂಲು ಗಂಟು ಹಾಕಿದ್ರ ಸುಮ್ಮನಾಗ್ತೈತಿ. ನಾ ಆಗಂಗಿಲ್ಲ ನೋಡ್ರಿ,” ಎಂದಳು.

ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಉಂಡೆವು. ಅಂದು ಬೇರೆ ಏನೂ ನಡೆಯಲಿಲ್ಲ. ಈಗ ನನಗೆ ಹೆಚ್ಚು ನೆನಪಾಗುವುದು ಆ ದಿನವೇ.

ಮೊದಲನೆಯ ದೊಡ್ಡ ಯುದ್ಧ ಮುಗಿಯುತ್ತಿದ್ದ ಕಾಲವದು. ಮುಂಬಯಿ ಕಡೆಯಿಂದ ಬಂದ ಜ್ವರ ಓಣಿ ಓಣಿಗೂ ಹಬ್ಬಿತ್ತು. ಅವಳೂ ಹಾಸಿಗೆ ಹಿಡಿದಳು. ಕೆಮ್ಮಿದಾಗ ಕಫದಲ್ಲಿ ರಕ್ತ ಕಂಡಿತು; ಪ್ಲೇಗಿನಲ್ಲೂ ಹೀಗಾಗುವುದುಂಟು. ಸುದ್ದಿ ಗೌಡರಿಗೆ ಮುಟ್ಟಿತು. ಅವರು ಬಾಗಿಲಾಚೆಯೇ ನಿಂತು, “ಪ್ಲೇಗ್ ಇದ್ರ ಊರ ಹೊರಗಿನ ಜೋಪಡಿಗೆ ಕಳಸಬೇಕಾಗ್ತೈತಿ ತಮ್ಮಾ. ಅಲ್ಲಂತ ಡಾಕ್ಟರ್ ಸಾಹೇಬ್ರ ಮಾತು ತಂದ್ರ ಮನಿಯಾಗ ಇಟ್ಕೋ,” ಎಂದರು.

ಹಿಂದೆ ಪ್ಲೇಗು ಬಂದಾಗ ಅವಳ ತಾಯಿಯನ್ನು ಅಂಥ ಜೋಪಡಿಗೇ ಒಯ್ದಿದ್ದರು. ಮಗಳಿಗೆ ಮತ್ತೆ ಮುಖ ನೋಡಲು ಸಿಗಲಿಲ್ಲ. “ಏನರ ಆಗಲಿ, ಮನಿಯಾಗ ಆಗಲಿ,” ಎಂದು ಅವಳು ನನ್ನ ಕೈ ಹಿಡಿದುಕೊಂಡಳು.

ಹುನಗುಂದದ ಡಾಕ್ಟರರ ಹತ್ತಿರ ಕಣ್ಣಿಗೆ ಕಾಣದ್ದನ್ನು ದೊಡ್ಡದಾಗಿ ತೋರಿಸುವ ಯಂತ್ರವಿತ್ತು. ನಾವೆಲ್ಲ ಅದಕ್ಕೆ ದುರ್ಬೀನು ಎನ್ನುತ್ತಿದ್ದೆವು. ನಾನು ನಡೆದು ಹೋದೆ. ಕಫ ಹಿಡಿದು ತರಲು ಅವರು ಸಣ್ಣ ಬಾಟಲಿ ಕೊಟ್ಟರು. ಮರುದಿನ ಅದನ್ನು ತುಂಬಿಸಿ ಒಯ್ದೆ. ಡಾಕ್ಟರರು ಒಂದು ಹನಿಯನ್ನು ಗಾಜಿನ ಮೇಲೆ ಸವರಿದರು, ದೀಪದ ಮೇಲೆ ಹಿಡಿದು ಒಣಗಿಸಿದರು, ನೀಲಿ ಬಣ್ಣ ಹಾಕಿ ನೀರಿನಲ್ಲಿ ತೊಳೆದರು. ನಾವು ನೂಲಿಗೆ ಬಣ್ಣ ಹಾಕುವುದೂ ಹೆಚ್ಚುಕಡಿಮೆ ಹೀಗೆಯೇ. ದುರ್ಬೀನಿನಲ್ಲಿ ಕಣ್ಣಿಟ್ಟು ನೋಡಿ ತಲೆ ಅಲ್ಲಾಡಿಸಿದರು.

“ಇದು ಬರೇ ಬಾಯಿನೀರು. ಕಫ ಎಲ್ಲೈತಿ?”

ಮನೆಗೆ ಬಂದು ಕೇಳಿದರೆ, “ಚಲೋತ್ನಾಗಿ ಬಾಯಿ ಮುಕ್ಕಳಿಸಿ ಆಮ್ಯಾಲ ಉಗುಳೀನಿ. ಅಷ್ಟು ದೊಡ್ಡ ಮನುಷ್ಯಾರಿಗೆ ನನ್ನ ಎಂಜಲ ಹೆಂಗ ಕಳಸ್ಲಿ?” ಎಂದಳು. ಎಂಜಲು ಕೈಯಿಂದ ಉಪ್ಪಿನ ಗಡಿಗೆಯನ್ನೂ ಮುಟ್ಟದ ಮನೆ ನಮ್ಮದು.

“ಅವರಿಗೆ ನಿನ್ನ ಎದಿಯೊಳಗಿಂದು ಬೇಕಂತ.”

“ಎದಿಯೊಳಗಿಂದು ಕೇಳ್ತಾರ? ಇಷ್ಟು ವರ್ಷದಾಗ ನೀವು ಒಮ್ಮಿನೂ ಕೇಳಲಿಲ್ಲಲ್ರಿ!”

ನಕ್ಕಳು. ನಗು ಕೆಮ್ಮಾಯಿತು. ಆ ಕೆಮ್ಮಿನ ಕಫವನ್ನೇ ಬಾಟಲಿಗೆ ಹಿಡಿದೆ.

ಡಾಕ್ಟರರು ಈ ಸಲ ತುಂಬ ಹೊತ್ತು ನೋಡಿದರು. ನೋಡುತ್ತಲೇ ಹೇಳಿದರು: “ಪ್ಲೇಗಿನ ಹುಳ ಸಣ್ಣ ಕಡ್ಡಿ ಇದ್ದಂಗ. ಎರಡೂ ತುದಿಗೆ ಬಣ್ಣ ಹಿಡೀತೈತಿ, ನಡುವ ಬಿಳಿ ಉಳೀತೈತಿ. ಅಂಥಾದ್ದು ಇಲ್ಲಿಲ್ಲ. ಗೌಡರಿಗೆ ನಾ ಹೇಳಿ ಕಳಸ್ತೇನಿ.”

“ಹಂಗಾದ್ರ ಇದು ಏನ್ರಿ?”

“ಅದು ಈ ದುರ್ಬೀನಿನಾಗ ಕಾಣವಲ್ದು,” ಎಂದು ಕಣ್ಣು ಒರೆಸಿಕೊಂಡರು. ಅವರ ದವಾಖಾನೆಯ ಅಂಗಳದ ತುಂಬ ಜನ ಮಲಗಿದ್ದರು.

ನಾನು ಮನೆಗೆ ಬಂದು ಆ ಕಡ್ಡಿಯ ವಿಷಯ ಹೇಳಿದೆ. ಸೀರೆಯ ಎರಡು ಅಂಚಿಗೆ ನಮ್ಮಲ್ಲಿ ದಡಿ ಎನ್ನುತ್ತಾರೆ. ಅವಳಿಗೆ ತಕ್ಷಣ ಹೊಳೆಯಿತು. “ಅಂದ್ರ ಎರಡೂ ಕಡಿ ದಡಿ ಇದ್ರ ಜೋಪಡಿ! ದಡಿ ನೇಯ್ದು ಉಂಡ ಮಂದಿ ನಾವು. ಇವತ್ತ ದಡಿ ಇಲ್ಲಂತ ಮನಿಯಾಗ ಉಳದೆ ನೋಡ್ರಿ.”

ಅವಳ ಹಾಸಿಗೆಯನ್ನು ಮಗ್ಗದ ಪಕ್ಕಕ್ಕೆ ತಂದೆ. ಅವಳು ಕೇಳಿದ್ದು ಅಷ್ಟೇ. ಅಲ್ಲಿಯೇ, ನನ್ನ ಕೈ ಹಿಡಿದುಕೊಂಡೇ, ತೀರಿಕೊಂಡಳು.

ಎಷ್ಟೋ ವರ್ಷಗಳ ಮೇಲೆ ಸಾಲೆಯ ಮಾಸ್ತರರೊಬ್ಬರು ಪತ್ರಿಕೆ ಓದಿ ತಿಳಿಸಿದರು: ಇಂಥ ಜ್ವರ ತರುವ ಹುಳವನ್ನು ಈಗ ಕಂಡುಹಿಡಿದಿದ್ದಾರೆ, ಅದು ಆ ದುರ್ಬೀನಿಗೆ ಎಂದೂ ಕಾಣುತ್ತಿರಲಿಲ್ಲ, ಅಷ್ಟು ಸಣ್ಣದು. ಕೇಳಿ, ಹೌದೇ ಎಂದೆ. ಡಾಕ್ಟರರ ಮಾತು ಖರೆಯಾಗಿತ್ತು.

ಈಗ ಕಂಡಿಕೆಯನ್ನು ನಾನೇ ಸುತ್ತಿಕೊಳ್ಳುತ್ತೇನೆ. ಎಳೆ ಹರಿದರೆ ಈಗಲೂ ಗೊಣಗುತ್ತೇನೆ. ತಿರುಗಿ ಮಾತಾಡುವವಳು ಇಲ್ಲ.