ಗೇಜ್ ಹಲಗಿ ಎತ್ತಿದ ಬಸಣ್ಣ

ಹೋದ ವಾರ ನಾನು ಒಂದು ಹಲಗಿ ಮುಂದ ಕುಂತು ಹೊಟ್ಟಿ ಉರ್ಕೊಂಡೆ. ಹೌದ್ರಿ, ಹಲಗಿ. ಕಾಲುವಿ ಗೇಟಿನ ಹತ್ರ ನೀರಿನ ಎತ್ತರ ನೋಡಾಕ ಗೆರಿ ಎಳದು ನೆಟ್ಟಿರ್ತಾರಲ್ಲ, ಗೇಜ್ ಹಲಗಿ, ಅದು.

ನಿಮಗ ಗೊತ್ತೈತಿ, ನಾನು ಸಿಂಧನೂರು ಕಡಿ ಕಾಲುವಿ ಓವರ್‌ಸೀಯರ್. (ವಾರಕ್ಕೊಮ್ಮೆ ಹಿಂಗ ಬರಿಯೋದು ಚಟ, ಹೊಟ್ಟಿ ತುಂಬ್ಸೋದು ನೌಕರಿ.) ವಳಕಮದಿನ್ನಿ ಕಡಿ ಹೋಗೋ ಹೊಸ ಉಪಕಾಲುವಿಗೆ ನೀರು ಬಿಟ್ಟು ಟೆಸ್ಟ್ ಮಾಡಾಕತ್ತಿದ್ವಿ. ಗೇಟಿನ ಹತ್ರ ಹಲಗಿ ಭರ್ತಿ ನೀರು ತೋರ್ಸತೈತಿ, ಕಾಲುವಿ ತುದಿಗಿರೋ ಕಡೀ ಹೊಲಕ್ಕ ಹನಿ ಮುಟ್ಟವಲ್ದು. ಟೆಸ್ಟ್ ಫೇಲ್. ಮತ್ತ ಬಿಟ್ವಿ, ಮತ್ತ ಫೇಲ್. ಆ ಕಡೀ ಹೊಲದ ಹನುಮವ್ವ ಭತ್ತದ ಸಸಿ ಹಾಕ್ಕೊಂಡು ಕುಂತಾಳ. ನಾಟಿಗೆ ನೀರಿಲ್ಲ, ಸಸಿ ಬಲಿಯಾಕತ್ತಾವ.

ನಾನೇನ್ ಮಾಡ್ದೆ? ಕಾಲುವಿ ದಂಡಿ ಉದ್ದಕ್ಕ ನಡದೆ. ಸೋರೋ ಜಾಗ ಹುಡುಕಿದೆ, ಒಂದೂ ಸಿಗಲಿಲ್ಲ. ನೀರು ಕದ್ದೀರಿ ಅಂತ ನಡುವಿನ ರೈತರ ಮ್ಯಾಲೆ ಹರಿಹಾಯ್ದೆ. ಅವರು ಬಿಟ್ಟಾರೇನು, ನನ್ನ ಮನಿತನಾನೆಲ್ಲ ಎತ್ತಿ ಬೈದ್ರು.

ಆಗ ಸಾಹೇಬ್ರು ಲಿಂಗಸೂಗೂರಿನಿಂದ ಬಸಣ್ಣನ್ನ ಕರೆಸಿದ್ರು. ಅವನೂ ಓವರ್‌ಸೀಯರ್ರ, ನನ್ನ ಜೋಡೀನ ನೌಕರಿಗೆ ಸೇರಿದಾತ. ನಾ ಸೈಕಲ್ ತುಳಕೋತ ತಿರಗತೀನಿ, ಅವಗ ಎಲ್ಲಿ ಹೋದ್ರೂ ಜೀಪು ಸಿಗತೈತಿ. ಅಂಗಿ ಇಸ್ತ್ರಿ ಸೈತ ಮುರಿಯಂಗಿಲ್ಲ. ಬಂದ, ನೋಡ್ದ, ಚಾ ಕುಡದ. ಹಲಗಿ ಕೀಳಿಸಿ, ತಳಕ್ಕ ಒಂದು ಚಪ್ಪಡಿ ಕಲ್ಲು ಕೊಟ್ಟು, ನಾಕು ಬೆರಳು ಮ್ಯಾಲೆ ನೆಡಿಸಿದ. ಅಷ್ಟ!

"ಎರಿ ಮಣ್ಣಾಗ ಹಲಗಿ ಕುಸದೈತಿ," ಅಂದ. "ಇದ್ದದ್ದಕ್ಕಿಂತ ಹೆಚ್ಚು ನೀರು ತೋರ್ಸಾಕತ್ತಿತ್ತು. ಗೇಟಿನಾತ ಅದನ್ನ ನಂಬಿ ಕಡಿಮಿ ಬಿಟ್ಟಾನ."

ಈ ರಿಪೇರಿ ನೋಡಿ ಪಾಸ್ ಮಾಡೋ ಕೆಲಸ ಯಾರಿಗೆ ಬಿತ್ತು? ನನಗ.

ಏನ್ರಿ ಇದು? ಟೆಸ್ಟ್ ಫೇಲ್ ಆದ್ರ ಕಾಲುವಿ ಸರಿ ಮಾಡಬೇಕೋ, ಅಳತೀ ಹಲಗಿನ ಎತ್ತಿಡಬೇಕೋ? ತೂಕಕ್ಕ ತಕ್ಕಂಗ ತಕ್ಕಡಿ ತಿದ್ದೋ ಅಂಗಡಿಯವಗೂ ಇವಗೂ ಏನ್ ಫರಕು? ಸಿಕ್ಕ ಮಗ, ಅಂದ್ಕೊಂಡೆ. ಖುಷಿನೂ ಆತು, ಸುಳ್ಳ್ಯಾಕ ಹೇಳ್ಲಿ?

ಲೆವೆಲ್ ಮಷೀನ್ ತರಿಸಿ, ಸೇತುವಿ ಮ್ಯಾಲೆ ಕೊರದ ಸರಕಾರಿ ಎತ್ತರದ ಗುರುತಿನಿಂದ ಹಲಗಿ ಅಳದೆ. ಸರಿ ಐತಿ. ಮಷೀನ್ ಜಾಗ ಬದಲಿಸಿ ಮತ್ತ ಅಳದೆ. ಹಾಳಾದ್ದು, ಕೂದಲೆಳಿಯಷ್ಟೂ ತಪ್ಪಿಲ್ಲ. ಬಣ್ಣ ಹೋಗೈತಿ ಅಂತಾದ್ರೂ ತಕರಾರು ತಗಿಯೋಣಂದ್ರ ಬಣ್ಣಾನೂ ಹೊಸಾದು.

"ನಾಳಿ ನೋಡೋಣು" ಅಂತ ಎಳದೆ. ದಂಡಿ ಮ್ಯಾಲೆ ಕುಂತಿದ್ದ ಹನುಮವ್ವ ನನ್ನ ಮಾರಿನ ನೋಡಿದ್ಲು.

"ನಿಮ್ಮಿಬ್ಬರ ಜಿದ್ದು ನನ್ನ ಸಸಿಗೆ ತಿಳಿಯಂಗಿಲ್ಲ, ಯಪ್ಪಾ."

ಪಾಸ್ ಅಂದೆ. ಇನ್ನೇನ್ ಅನ್ಲಿ? ಗೇಟು ಎತ್ತಿದ್ರು. ಮರುದಿನ ಆಕಿ ಮಡ್ಯಾಗ ನೀರು ನಿಂತಿತ್ತು. ಆಕಿ ಕೈ ಮುಗದದ್ದು ಯಾರಿಗೆ? ಬಸಣ್ಣಗ.

ಅದಕ್ಕ ಬಸಣ್ಣ ಏನಂದ ಕೇಳ್ರಿ.

"ಯವ್ವಾ, ಇವಗ ಮುಗಿ. ಬಿಸಲಾಗ ದಂಡಿ ತುಳದಾತ ಇವ. ಎಲ್ಲೂ ಸೋರಂಗಿಲ್ಲ ಅಂತ ಇವ ಖಾತ್ರಿ ಮಾಡಿದ್ದಕ್ಕ ನಾ ಹಲಗಿ ನೋಡ್ದೆ."

ಸಾಹೇಬರ ಮುಂದೂ ಇದನ್ನ ಹೇಳ್ದ. ನನ್ನ ಬೆನ್ನು ಬ್ಯಾರೆ ತಟ್ಟಿದ. ಮನಿಗೆ ಬಂದು ರೊಟ್ಟಿ ತಾಟು ಅತ್ತಾಗ ಸರಿಸಿದೆ.

ಇಷ್ಟು ಶಾಣ್ಯಾ ಇದ್ದಾವ ಇಷ್ಟು ಒಳ್ಳೇವನೂ ಆಗಬೇಕೇನು? ಎರಡರಾಗ ಒಂದನ್ನ ನಮಗ ಬಿಡಬಾರ್ದೇನ್ರಿ?