ಬುರುಜಿನ ಬುಡದ ಮಣ್ಣು

ತವರುಮನೆಯ ಮಣ್ಣಿನ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸುತ್ತೇನೆಂದು ಅಣ್ಣ ಫೋನ್ ಮಾಡಿದ್ದ. ಹೋದ ವಾರ ಹೋದೆ. ಮೊದಲ ಗುದ್ದಲಿ ಬಿದ್ದದ್ದೇ ತಡ, ಬೂದಿ ಬಣ್ಣದ ಮಣ್ಣು ಸುರಿಯಿತು. ಅದರ ಒಣ ವಾಸನೆ ಮೂಗಿಗೆ ಬಡಿದದ್ದೇ ನಮ್ಮ ಇತಿಹಾಸದ ಮಾಸ್ತರು ನೆನಪಾದರು...

ಸಂಶಿಯಿಂದ ಬಸ್ಸಿಗೆ ಬರುತ್ತಿದ್ದರು. ನಮ್ಮೂರ ಗುಡ್ಡದ ಹಾಳು ಕೋಟೆ ಎಂದರೆ ಅವರಿಗೆ ಜೀವ. ನಮಗೋ ಅದು ಆಡು ಮೇಯಿಸುವ ಜಾಗ. ಉಳಿದದ್ದಾದರೂ ಏನು ಮಹಾ? ಬತ್ತಿದ ಹೊಂಡ, ಅರ್ಧ ಬಾಗಿಲು, ಒಂದೇ ಒಂದು ಬುರುಜು. ಅದರ ಬುಡದ ಕಲ್ಲಿನಲ್ಲಿ ಹಳಗನ್ನಡದ ನಾಲ್ಕು ಸಾಲುಗಳಿದ್ದವು. ಪ್ರತಿ ರವಿವಾರ ಒದ್ದೆ ಅರಿವೆಯಿಂದ ಒರೆಸಿ, ಅಕ್ಷರಕ್ಕೆ ಅಕ್ಷರ ಕೂಡಿಸಿ, ಎರಡು ವರ್ಷಕ್ಕೆ ಎರಡು ಸಾಲು ಓದಿದ್ದರು. ಕಟ್ಟಿಸಿದವನ ಹೆಸರು ಮೂರನೆಯದರಲ್ಲಿರಬೇಕು ಎನ್ನುತ್ತಿದ್ದರು.

ಬೇಸಿಗೆ ರಜೆಗೆ ಮುಂಚೆ ನಮ್ಮನ್ನು ಅಲ್ಲಿಗೆ ಕರೆದೊಯ್ದರು. ಬುಡದ ಮಣ್ಣನ್ನು ಹಿಡಿ ತುಂಬ ಎತ್ತಿ, "ಇದು ಹಾಳಮಣ್ಣು. ಹಳೇ ಮಂದಿ ಬಾಳೇವು ಮಾಡಿದ ಜಾಗಾದಾಗ ಅಷ್ಟ ಸಿಗತೈತಿ. ಇದನ್ನ ಹಾಕಿದ್ರ ಮಾಳಗಿ ಒಂದ್ ಹನಿ ಸೋರಂಗಿಲ್ಲ ನೋಡ್ರಿ" ಎಂದರು.

ಪಾಪ, ಪಾಠ ಹೇಳುತ್ತಿದ್ದರು. ನಾನು ಮನೆಗೆ ಬಂದವಳೇ ಅಪ್ಪನಿಗೆ ಒದರಿದೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕುವ ಹೊತ್ತು ಅದು. ಬುರುಜಿನ ಬುಡಕ್ಕೆ ಹೋದ ಮೊದಲ ಚಕ್ಕಡಿ ನಮ್ಮದೇ. ಅದನ್ನು ನೋಡಿದ್ದೇ ಊರಿಗೆ ಊರೇ ಎತ್ತಿನ ಗಾಡಿ ಹೂಡಿತು. ಕಲ್ಲನ್ನು ಒಬ್ಬರೂ ಮುಟ್ಟಲಿಲ್ಲ, ಬುಡವನ್ನಷ್ಟೇ ಬಗೆದರು.

ಮೊದಲ ದೊಡ್ಡ ಮಳೆಗೆ ಬುರುಜು ಕುಸಿಯಿತು. ಅಕ್ಷರದ ಕಲ್ಲು ಚೂರುಚೂರಾಯಿತು. ಬಾಗಿಲಿನ ಕಲ್ಲುಗಳು ಆಮೇಲೆ ಯಾರ್‍ಯಾರದೋ ಮನೆಯ ಪಾಯ ಸೇರಿದವು. ಆ ವರ್ಷ ಊರಲ್ಲಿ ಒಂದು ಮಾಳಿಗೆಯೂ ಸೋರಲಿಲ್ಲ.

ಶಾಲೆ ಶುರುವಾದ ದಿನ ಮಾಸ್ತರು ಕೇಳಿದರು: "ಆ ಜಾಗಾ ಊರ ಮಂದಿಗೆ ಯಾರು ತೋರಿಸಿದ್ರು?"

ನಾನು ತಲೆ ಎತ್ತಲಿಲ್ಲ. ಕಡೆಗೆ ಅವರೇ, "ನಾನ ತೋರಿಸಿದ್ನಲ್ಲ..." ಎಂದು ಪುಸ್ತಕ ಮುಚ್ಚಿದರು. ಮತ್ತೆಂದೂ ಗುಡ್ಡ ಹತ್ತಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದಾಗಲೂ ನಾನು ಬಾಯಿ ಬಿಡಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

"ಅಕ್ಕಾರ, ಈ ಮಣ್ಣ ಎಲ್ಲಿ ಸುರುವೂಣ್ರಿ?" ಕೆಡವಿದ ಮಾಳಿಗೆಯ ಮಣ್ಣು ತುಂಬಿಕೊಂಡ ಟ್ರ್ಯಾಕ್ಟರಿನವನು ಕೇಳಿದ.

"ಗುಡ್ಡಕ್ಕ ಒಯ್ಯಪಾ. ಕೋಟಿ ಬುಡಕ್ಕ."

ಅವನು ನಕ್ಕ. "ಯಾವ ಕೋಟಿರೀ? ಅಲ್ಲಿ ಬರೇ ಗುಡ್ಡ ಐತಲ್ರಿ."

ಅಣ್ಣ ನನ್ನ ಮುಖ ನೋಡಿದ. ಅಪ್ಪನಿಗೆ ಆ ಜಾಗ ಹೇಳಿದವಳು ನಾನೇ ಎಂದು ಈಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಟ್ರ್ಯಾಕ್ಟರ್ ಹಳ್ಳದ ಕಡೆ ತಿರುಗಿತು.